ಕಮಾನಿನ ಆಚೆ ಯಾರದು, ಈಚೆ ಯಾರದು: ಸ್ಟ್ರಾಟ್‌ಫರ್ಡ್‌ನ ಹೋಲಿ ಟ್ರಿನಿಟಿ ಚರ್ಚನ್ನು ನೋಡುವ ಬಗೆ

ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್-ಅಪಾನ್-ಏವನ್ ಊರಿನ ಹೋಲಿ ಟ್ರಿನಿಟಿ ಚರ್ಚಿಗೆ ಬರುವವರಲ್ಲಿ ಹೆಚ್ಚಿನವರು ಒಂದೇ ಒಂದು ಕಲ್ಲನ್ನು ನೋಡಲು ಬರುತ್ತಾರೆ. ಕಟ್ಟಡದ ಪೂರ್ವ ತುದಿಯಲ್ಲಿ, ಬಲಿಪೀಠದ ಕಟಕಟೆಯ ಒಳಗೆ, ನೆಲಕ್ಕೆ ಸಮವಾಗಿ ಹಾಸಿದ ಐದು ಸಮಾಧಿ ಕಲ್ಲುಗಳ ಸಾಲಿದೆ. ಅವುಗಳಲ್ಲೊಂದು ವಿಲಿಯಂ ಶೇಕ್ಸ್‌ಪಿಯರ್‌ನದು. ಅಷ್ಟು ದೊಡ್ಡ ನಾಟಕಕಾರನಿಗೆ ಊರಿನವರು ಚರ್ಚಿನಲ್ಲೇ ಅತ್ಯಂತ ಗೌರವದ ಜಾಗ ಕೊಟ್ಟರು ಎಂದುಕೊಂಡು ಜನ ಕೈಮುಗಿದು ಹೊರಡುತ್ತಾರೆ. ಆದರೆ 1616ರಲ್ಲಿ ಅವನಿಗೆ ಆ ಜಾಗ ಸಿಕ್ಕಿದ್ದಕ್ಕೆ ಸಾಮಾನ್ಯವಾಗಿ ಒಪ್ಪಿರುವ ಕಾರಣ ನಾಟಕಗಳಲ್ಲ, ಧಾನ್ಯ ಮತ್ತು ಹುಲ್ಲು. 1605ರ ಜುಲೈನಲ್ಲಿ ಅವನು 440 ಪೌಂಡ್ ಕೊಟ್ಟು, ಓಲ್ಡ್ ಸ್ಟ್ರಾಟ್‌ಫರ್ಡ್, ವೆಲ್ಕಂ ಮತ್ತು ಬಿಷಪ್ಟನ್ ಹೊಲಗಳಿಂದ ಬರುವ ದಶಾಂಶದಲ್ಲಿ, ಅಂದರೆ ಚರ್ಚಿಗೆಂದು ಸಲ್ಲುವ ಬೆಳೆಯ ಹತ್ತನೆಯ ಒಂದು ಭಾಗದಲ್ಲಿ, ಒಂದು ಪಾಲನ್ನು ಗುತ್ತಿಗೆಗೆ ಕೊಂಡಿದ್ದ. ಚರ್ಚಿನ ಆ ತುದಿ ದಶಾಂಶ ಪಡೆಯುವವರ ಹೊಣೆಗೆ ಸೇರಿದ್ದು. ಹೊಣೆಯ ಜೊತೆಗೆ ಅಲ್ಲಿ ಹೂಳಿಸಿಕೊಳ್ಳುವ ಹಕ್ಕೂ ಬರುತ್ತಿತ್ತು.

ಈ ಒಂದು ಸಂಗತಿ ಗೊತ್ತಿದ್ದರೆ ಇಂಗ್ಲೆಂಡಿನ ಯಾವುದೇ ಹಳೆಯ ಪ್ಯಾರಿಷ್ ಚರ್ಚು ಬೇರೆಯಾಗಿಯೇ ಕಾಣಿಸತೊಡಗುತ್ತದೆ. ಮಾರ್ಗದರ್ಶಿ ಪುಸ್ತಕಗಳು ಕಮಾನಿನ ಶೈಲಿ, ಕಿಟಕಿಯ ಶೈಲಿ ಎಂದು ಶುರುಮಾಡುತ್ತವೆ. ಅವೆಲ್ಲ ಬೇಕು, ಮುಂದೆ ಅಲ್ಲಿಗೂ ಬರೋಣ. ಆದರೆ ಇಂಥ ಕಟ್ಟಡಕ್ಕೆ ಈ ಆಕಾರ ಕೊಟ್ಟದ್ದು ಶೈಲಿಗಿಂತ ಮೊದಲು ಒಂದು ಒಪ್ಪಂದ: ಕಟ್ಟಡದ ಯಾವ ಭಾಗಕ್ಕೆ ಯಾರು ದುಡ್ಡು ಹಾಕಬೇಕು ಎಂಬ ಒಪ್ಪಂದ. ಆ ಒಪ್ಪಂದದ ಗಡಿರೇಖೆ ಕಟ್ಟಡದ ನಡುವೆ ಕಣ್ಣಿಗೆ ಕಾಣುವಂತೆ ಇದೆ.

ಪ್ಯಾರಿಷ್ ಎಂದರೆ ಬರಿಯ ಭಕ್ತರ ಗುಂಪಲ್ಲ, ಗಡಿ ಗುರುತಿಸಿದ ನೆಲ. ಇಡೀ ಇಂಗ್ಲೆಂಡನ್ನು ಮಧ್ಯಯುಗದಲ್ಲೇ ಇಂಥ ಸಾವಿರಾರು ತುಂಡುಗಳಾಗಿ ಹಂಚಲಾಗಿತ್ತು. ಆ ಗಡಿಯೊಳಗೆ ವಾಸಿಸುವ ಪ್ರತಿಯೊಬ್ಬರಿಗೂ ಅಲ್ಲಿನ ಚರ್ಚಿನಲ್ಲಿ ದೀಕ್ಷಾಸ್ನಾನ, ಮದುವೆ, ಮಣ್ಣು ಆಗುವ ಹಕ್ಕಿತ್ತು. ಬದಲಿಗೆ ಪ್ರತಿಯೊಬ್ಬರೂ ತಮ್ಮ ಬೆಳೆಯ, ಕುರಿಮರಿಯ, ಉಣ್ಣೆಯ ಹತ್ತರಲ್ಲೊಂದು ಪಾಲನ್ನು ಕೊಡಬೇಕಿತ್ತು. ಅದೇ ದಶಾಂಶ. ಅದನ್ನು ಪಡೆಯುವವನಿಗೆ ರೆಕ್ಟರ್ ಎಂದು ಹೆಸರು. ಕಾಲಕ್ರಮದಲ್ಲಿ ಎಷ್ಟೋ ಪ್ಯಾರಿಷ್‌ಗಳ ರೆಕ್ಟರ್ ಹಕ್ಕನ್ನು ದೂರದ ಮಠಗಳೋ ಕಾಲೇಜುಗಳೋ ತಮ್ಮದಾಗಿಸಿಕೊಂಡವು. ಆಗ ಧಾನ್ಯ, ಹುಲ್ಲು, ಮರದ ದೊಡ್ಡ ದಶಾಂಶವನ್ನು ಮಠ ಇಟ್ಟುಕೊಂಡು, ಸ್ಥಳದಲ್ಲಿ ಪೂಜೆ ನಡೆಸಲು ಒಬ್ಬ ವಿಕಾರ್‌ನನ್ನು ನೇಮಿಸಿ, ಸಣ್ಣಪುಟ್ಟ ದಶಾಂಶವನ್ನು ಅವನಿಗೆ ಬಿಡುತ್ತಿತ್ತು.

ಹದಿಮೂರನೆಯ ಶತಮಾನದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಒಂದು ರೂಢಿ ಗಟ್ಟಿಯಾಯಿತು. ಬಲಿಪೀಠವಿರುವ ಪೂರ್ವ ಭಾಗವಾದ ಚಾನ್ಸೆಲ್‌ನ ದುರಸ್ತಿ ರೆಕ್ಟರನದು. ಜನ ನಿಲ್ಲುವ ಪಶ್ಚಿಮ ಭಾಗವಾದ ನೇವ್‌ನ ದುರಸ್ತಿ ಊರಿನವರದು. ನಮ್ಮ ದೇವಸ್ಥಾನದಲ್ಲಿ ಗರ್ಭಗುಡಿಯನ್ನು ಒಬ್ಬರು, ನವರಂಗವನ್ನು ಇನ್ನೊಬ್ಬರು ಕಟ್ಟಿ, ಇಬ್ಬರೂ ತಲೆತಲಾಂತರ ತಂತಮ್ಮ ಭಾಗವನ್ನಷ್ಟೇ ನೋಡಿಕೊಳ್ಳಬೇಕೆಂದು ಕಾನೂನು ಮಾಡಿದ್ದರೆ ಹೇಗಿರುತ್ತಿತ್ತೋ ಹಾಗೆ. ಎಷ್ಟೋ ಹಳ್ಳಿ ಚರ್ಚುಗಳಲ್ಲಿ ನೇವ್ ಎತ್ತರವಾಗಿ, ವಿಶಾಲವಾಗಿ, ಕಿಟಕಿಗಳಿಂದ ಬೆಳಗುತ್ತಿದ್ದರೆ ಚಾನ್ಸೆಲ್ ತಗ್ಗಾಗಿ, ಕತ್ತಲಾಗಿ ಇರುತ್ತದೆ. ಊರಿನವರು ಉಣ್ಣೆ ವ್ಯಾಪಾರದಲ್ಲಿ ಗಳಿಸಿ ತಮ್ಮ ಭಾಗವನ್ನು ಹಿಗ್ಗಿಸಿದರು, ದೂರದ ರೆಕ್ಟರ್ ಕೈಬಿಚ್ಚಲಿಲ್ಲ ಎಂದು ಅಲ್ಲಿ ಎಷ್ಟೋ ಸಲ ಓದಿಕೊಳ್ಳಬಹುದು. ಸ್ಟ್ರಾಟ್‌ಫರ್ಡ್‌ನಲ್ಲಿ ಇದು ತಿರುಗಾಮುರುಗ. ಅಲ್ಲಿ ಚಾನ್ಸೆಲ್ಲೇ ಕಟ್ಟಡದ ವೈಭವದ ಭಾಗ. ಯಾಕೆಂದು ತಿಳಿಯಲು ಹೊರಗಿನಿಂದಲೇ ಬರಬೇಕು.

ಚರ್ಚು ಪೇಟೆಯ ನಡುವೆ ಇಲ್ಲ. ಅಂಗಡಿ, ಹೋಟೆಲು, ಶೇಕ್ಸ್‌ಪಿಯರ್ ಹುಟ್ಟಿದ ಮನೆ ಎಲ್ಲ ಒಂದು ಕಡೆ. ಚರ್ಚು ದಕ್ಷಿಣಕ್ಕೆ, ಏವನ್ ನದಿಯ ದಡದಲ್ಲಿ, ಮರಗಳ ನಡುವೆ ಒಂಟಿಯಾಗಿದೆ. ಕಾರಣ ಸರಳ. ಮೂಲ ಹಳ್ಳಿ ಇದ್ದದ್ದೇ ನದಿಯ ಈ ತಿರುವಿನಲ್ಲಿ. ಇಂದಿಗೂ ಆ ಭಾಗಕ್ಕೆ ಓಲ್ಡ್ ಟೌನ್ ಎಂದೇ ಹೆಸರು. 1196ರಲ್ಲಿ ಇದರ ಒಡೆಯನಾಗಿದ್ದ ವೂಸ್ಟರ್‌ನ ಬಿಷಪ್ ಉತ್ತರಕ್ಕೆ ಹೊಸ ಪೇಟೆಯೊಂದನ್ನು ಅಳತೆ ಹಾಕಿ, ನಿವೇಶನಗಳಾಗಿ ಹಂಚಿದ. ವ್ಯಾಪಾರ ಅಲ್ಲಿಗೆ ಹೋಯಿತು, ಚರ್ಚು ಇದ್ದಲ್ಲೇ ಉಳಿಯಿತು. ಹಳೆಯ ಕಟ್ಟಡವೊಂದು ಊರಿನ ಅಂಚಿನಲ್ಲಿ ಕಂಡರೆ ಊರೇ ಸರಿದುಹೋಗಿದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯ ಅಭ್ಯಾಸ.

ನಿಂಬೆ ಜಾತಿಗೆ ಸಂಬಂಧವಿಲ್ಲದಿದ್ದರೂ ಇಂಗ್ಲಿಷರು ಲೈಮ್ ಎಂದು ಕರೆಯುವ ಎತ್ತರದ ಮರಗಳ ಸಾಲಿನ ನಡುವೆ ನಡೆದು ಉತ್ತರದ ಮುಖಮಂಟಪಕ್ಕೆ ಬರುತ್ತೀರಿ. ಒಳಬಾಗಿಲಿನ ಮೇಲೆ ಹದಿಮೂರನೆಯ ಶತಮಾನದ ಒಂದು ಲೋಹದ ಬಳೆಯಿದೆ. ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ಬಂದ ಅಪರಾಧಿ ಇದನ್ನು ಹಿಡಿದರೆ ಚರ್ಚಿನ ಆಶ್ರಯ ಸಿಕ್ಕಂತೆ. ಇಂಗ್ಲೆಂಡಿನ ಸಾಮಾನ್ಯ ಕಾನೂನಿನಲ್ಲಿ ಈ ಆಶ್ರಯದ ಅವಧಿ 40 ದಿನ. ಅಷ್ಟರೊಳಗೆ ಅವನು ವಿಚಾರಣೆಗೆ ಒಪ್ಪಬೇಕು, ಇಲ್ಲವೇ ತಪ್ಪೊಪ್ಪಿಕೊಂಡು ದೇಶ ಬಿಡಬೇಕು. ಒಂದನೆಯ ಜೇಮ್ಸ್‌ನ ಕಾಲದಲ್ಲಿ, 1624ರಲ್ಲಿ, ಈ ಪದ್ಧತಿ ರದ್ದಾಯಿತು. ಬಾಗಿಲು ದಾಟುವ ಮುನ್ನ ಆ ಬಳೆಯನ್ನು ನಿಂತು ನೋಡಿ. ಹೆಚ್ಚಿನವರು ಅದನ್ನು ಗಮನಿಸದೆಯೇ ಒಳಗೆ ನುಗ್ಗುತ್ತಾರೆ.

ಒಳಗೆ ಬಂದ ಮೇಲೆ ನಡುವಿನಲ್ಲಿ ನಿಂತು ಒಮ್ಮೆ ಸುತ್ತ ನೋಡಿದರೆ ಕಟ್ಟಡ ಶಿಲುಬೆಯ ಆಕಾರದಲ್ಲಿದೆ ಎಂದು ತಿಳಿಯುತ್ತದೆ. ಉದ್ದನೆಯ ತೋಳು ನೇವ್, ಎಡಬಲದ ಗಿಡ್ಡ ತೋಳುಗಳು ಟ್ರಾನ್ಸೆಪ್ಟ್, ತೋಳುಗಳು ಕೂಡುವಲ್ಲಿ ಮೇಲೆ ಗೋಪುರ, ಅದರಾಚೆ ಚಾನ್ಸೆಲ್. ಇದನ್ನು ಒಬ್ಬ ವಾಸ್ತುಶಿಲ್ಪಿ ಒಂದೇ ನಕ್ಷೆಯಲ್ಲಿ ಬರೆದದ್ದಲ್ಲ. ಈಗಿನ ಕಟ್ಟಡದ ಕೆಲಸ 1210ರ ಸುಮಾರಿಗೆ ಶುರುವಾಯಿತು. ಟ್ರಾನ್ಸೆಪ್ಟ್‌ಗಳೂ ಗೋಪುರದ ಕೆಳಭಾಗವೂ ಆ ಮೊದಲ ಹಂತದವು. ನೇವ್‌ನ ಇಕ್ಕೆಲದ ಮೊಗಸಾಲೆಗಳು ಹದಿನಾಲ್ಕನೆಯ ಶತಮಾನದ ಆರಂಭದವು. ಚಾನ್ಸೆಲ್ ಹದಿನೈದನೆಯ ಶತಮಾನದ ಉತ್ತರಾರ್ಧದ್ದು. ನೇವ್‌ನ ಕಂಬಸಾಲಿನ ಮೇಲಿರುವ ಎತ್ತರದ ಕಿಟಕಿಗಳ ಸಾಲು ಅದಕ್ಕೂ ಸ್ವಲ್ಪ ಈಚಿನದು. ನದಿಯ ಆಚೆ ದಡದಿಂದ ಎಲ್ಲರೂ ಫೋಟೊ ತೆಗೆಯುವ ಆ ಚೂಪಾದ ಕಲ್ಲಿನ ಶಿಖರವಂತೂ 1763ರದು. ಮೊದಲಿದ್ದ ಮರದ ಶಿಖರದ ಜಾಗದಲ್ಲಿ ವಾರಿಕ್ ಊರಿನ ವಿಲಿಯಂ ಹೈಯೋರ್ನ್ ಕಟ್ಟಿದ್ದು. ಶೇಕ್ಸ್‌ಪಿಯರ್ ಆ ಕಲ್ಲಿನ ಶಿಖರವನ್ನು ಕಂಡವನೇ ಅಲ್ಲ.

ಇಷ್ಟು ಕಾಲಗಳನ್ನು ಕಣ್ಣಿನಿಂದಲೇ ಬೇರ್ಪಡಿಸುವುದು ಹೇಗೆ? ಕಿಟಕಿಗಳನ್ನು ನೋಡಬೇಕು. 1066ರ ಆಕ್ರಮಣದ ನಂತರ ಬಂದ ನಾರ್ಮನ್ ಕಾಲದ ಕಮಾನು ಅರ್ಧವೃತ್ತಾಕಾರದ್ದು. ಅರ್ಧವೃತ್ತಕ್ಕೆ ಒಂದು ಕಟ್ಟುಪಾಡಿದೆ: ಅದರ ಎತ್ತರ ಯಾವಾಗಲೂ ಅಗಲದ ಅರ್ಧದಷ್ಟೇ. ಅಗಲ ಬದಲಾದರೆ ಎತ್ತರವೂ ಬದಲಾಗಲೇಬೇಕು. ಜೊತೆಗೆ ಅದು ಪಕ್ಕದ ಗೋಡೆಗಳನ್ನು ಹೊರಕ್ಕೆ ಬಲವಾಗಿ ತಳ್ಳುತ್ತದೆ, ಹಾಗಾಗಿ ಗೋಡೆ ದಪ್ಪವಿರಬೇಕು, ಕಿಟಕಿ ಸಣ್ಣದಿರಬೇಕು. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಚೂಪು ತುದಿಯ ಕಮಾನು ಹರಡಿದಾಗ ಈ ಎರಡೂ ಕಟ್ಟು ಸಡಿಲವಾದವು. ಚೂಪು ಕಮಾನನ್ನು ಒಂದೇ ಅಗಲಕ್ಕೆ ಎಷ್ಟು ಬೇಕಾದರೂ ಎತ್ತರ ಮಾಡಬಹುದು; ಅದು ಭಾರವನ್ನು ಹೆಚ್ಚು ನೇರವಾಗಿ ಕೆಳಕ್ಕೆ ಇಳಿಸುತ್ತದೆ. ಗೋಡೆ ತೆಳ್ಳಗಾಗಬಹುದು, ಕಿಟಕಿ ಬೆಳೆಯಬಹುದು. ಮುಂದಿನ ಮುನ್ನೂರು ವರ್ಷಗಳ ಇಂಗ್ಲಿಷ್ ಕಟ್ಟಡಕಲೆ ಹೆಚ್ಚಾಗಿ ಈ ಬಿಡುಗಡೆಯ ಕಥೆಯೇ.

ಮೊದಲು ಭರ್ಜಿಯ ತುದಿಯಂತಹ ಒಂಟಿ ಕಿಟಕಿಗಳು ಬಂದವು. ಇದು ಅರ್ಲಿ ಇಂಗ್ಲಿಷ್. ಆಮೇಲೆ ಎರಡು ಮೂರು ಕಿಟಕಿಗಳನ್ನು ಒಂದೇ ದೊಡ್ಡ ಕಮಾನಿನ ಕೆಳಗೆ ಸೇರಿಸಿ, ಮೇಲಿನ ಜಾಗದಲ್ಲಿ ಕಲ್ಲನ್ನು ಎಲೆ, ಹೂ, ಜ್ವಾಲೆಯಂತೆ ಬಳುಕಿಸಿದರು, ಇದು ಡೆಕೊರೇಟೆಡ್. ಕೊನೆಗೆ ಬಳುಕು ನಿಂತು, ಕಲ್ಲಿನ ಕಂಬಿಗಳು ಹೊಸ್ತಿಲಿನಿಂದ ಕಮಾನಿನ ತುದಿಯವರೆಗೆ ನೇರವಾಗಿ ಏರತೊಡಗಿದವು, ಕಮಾನಿನ ತುದಿಯೂ ಚಪ್ಪಟೆಯಾಗುತ್ತ ಬಂತು, ಇದು ಪರ್ಪೆಂಡಿಕ್ಯುಲರ್. ಈ ಹೆಸರುಗಳು ಕಟ್ಟಿದವರಿಗೆ ಗೊತ್ತಿರಲಿಲ್ಲ. ಥಾಮಸ್ ರಿಕ್‌ಮನ್ ಎಂಬ ವಾಸ್ತುಶಿಲ್ಪಿ 1817ರಲ್ಲಿ ಪ್ರಕಟಿಸಿದ ವರ್ಗೀಕರಣದಿಂದ ಅವು ಬಳಕೆಗೆ ಬಂದವು. 1348ರ ಮಹಾಮಾರಿ ಪ್ಲೇಗಿನಲ್ಲಿ ಶಿಲ್ಪಿಗಳು ಸತ್ತು, ಉಳಿದವರು ಸರಳವಾದ ನೇರ ಗೆರೆಗಳಿಗೆ ಇಳಿದರು, ಅದರಿಂದಲೇ ಪರ್ಪೆಂಡಿಕ್ಯುಲರ್ ಹುಟ್ಟಿತು ಎಂದು ಹೇಳುವುದುಂಟು. ನಾನು ಇದನ್ನು ಒಪ್ಪುವುದಿಲ್ಲ. ಗ್ಲಾಸ್ಟರ್‌ನಲ್ಲಿ ಈ ಶೈಲಿಯ ಕೆಲಸ 1330ರ ದಶಕದಲ್ಲೇ, ಪ್ಲೇಗಿಗೆ ಹತ್ತು ವರ್ಷಕ್ಕೂ ಮೊದಲೇ, ಶುರುವಾಗಿತ್ತು. ಪ್ಲೇಗು ಅದನ್ನು ಹರಡಲು ನೆರವಾಗಿರಬಹುದು, ಹುಟ್ಟಿಸಲಿಲ್ಲ.

ನೇವ್‌ನ ನಡುವೆ ನಿಂತು ಪೂರ್ವಕ್ಕೆ ನೋಡಿದರೆ ಇನ್ನೊಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಚಾನ್ಸೆಲ್ ನೇರವಾಗಿಲ್ಲ, ಸ್ವಲ್ಪ ಎಡಕ್ಕೆ, ಅಂದರೆ ಉತ್ತರಕ್ಕೆ, ವಾಲಿದೆ. ಶಿಲುಬೆಯ ಮೇಲೆ ಕ್ರಿಸ್ತನ ತಲೆ ಒಂದು ಬದಿಗೆ ಬಾಗಿದ್ದನ್ನು ಇದು ಸೂಚಿಸುತ್ತದೆ ಎಂದು ಭಕ್ತಿಯಿಂದ ಹೇಳುವ ರೂಢಿಯಿದೆ. ಮನಸ್ಸಿಗೆ ಹಿಡಿಸುವ ಮಾತು, ಆದರೆ ಇಂಗ್ಲೆಂಡಿನ ವಾಲಿದ ಚಾನ್ಸೆಲ್‌ಗಳೆಲ್ಲ ಒಂದೇ ಕಡೆಗೆ ವಾಲಿಲ್ಲ. ಕೆಲವು ಉತ್ತರಕ್ಕೆ, ಕೆಲವು ದಕ್ಷಿಣಕ್ಕೆ. ಪೂಜೆ ನಿಲ್ಲಬಾರದೆಂದು ಹಳೆಯ ಚಾನ್ಸೆಲ್ ನಿಂತಿರುವಾಗಲೇ ಅದರ ಸುತ್ತ ಹೊಸದರ ಪಾಯ ಹಾಕುತ್ತಿದ್ದರು. ಆಗ ನೇವ್‌ನ ಮಧ್ಯರೇಖೆಯನ್ನು ಗೋಡೆಗಳಾಚೆಗೆ ಎಳೆಯುವುದು ಕಷ್ಟ, ಒಂದಿಷ್ಟು ಆಚೀಚೆ ಆಗುವುದು ಸಹಜ. ಈ ವಿವರಣೆಯಲ್ಲಿ ಕೆಲಸ ಮಾಡಿದ ಮನುಷ್ಯರು ಕಾಣುತ್ತಾರೆ, ಅದಕ್ಕೇ ಅದು ನನಗೆ ಹೆಚ್ಚು ಇಷ್ಟ.

ಈಗ ಗೋಪುರದ ಕೆಳಗಿನ ಕಮಾನಿಗೆ ಬನ್ನಿ. ಗಡಿರೇಖೆ ಇದೇ. ಮಧ್ಯಯುಗದಲ್ಲಿ ಇಂಥ ಕಡೆ ಒಂದು ಮರದ ಜಾಲಂಧ್ರ ಇರುತ್ತಿತ್ತು. ಅದರ ಮೇಲೆ ಶಿಲುಬೆಗೇರಿದ ಕ್ರಿಸ್ತನ ದೊಡ್ಡ ಪ್ರತಿಮೆ, ಪಕ್ಕದಲ್ಲಿ ಮರಿಯ ಮತ್ತು ಯೋಹಾನ. ಇವರ ಮುಂದೆ ಹಚ್ಚುವ ಮೇಣದಬತ್ತಿಗೆ ಊರಿನವರೇ ದುಡ್ಡು ಕೂಡಿಸುತ್ತಿದ್ದರು. ಪಾದ್ರಿ ಆಚೆ ಲ್ಯಾಟಿನ್‌ನಲ್ಲಿ ಪೂಜೆ ನಡೆಸಿದರೆ ಜನ ಈಚೆ ನಿಂತು ಜಾಲಂಧ್ರದ ಸಂದಿನಿಂದ ನೋಡುತ್ತಿದ್ದರು. ಕಮಾನಿನ ಮೇಲಿನ ಗೋಡೆಗೆ ಅನೇಕ ಚರ್ಚುಗಳಲ್ಲಿ ಅಂತಿಮ ತೀರ್ಪಿನ ದೊಡ್ಡ ಚಿತ್ರ ಬರೆಯುತ್ತಿದ್ದರು: ಒಂದು ಕಡೆ ಸ್ವರ್ಗಕ್ಕೆ ಏರುವವರು, ಇನ್ನೊಂದು ಕಡೆ ನರಕದ ಬಾಯಿಗೆ ಬೀಳುವವರು.

ಇದನ್ನೆಲ್ಲ ಅಳಿಸಿದ್ದು ಧರ್ಮಸುಧಾರಣೆ. 1534ರಲ್ಲಿ ಎಂಟನೆಯ ಹೆನ್ರಿ ರೋಮಿನ ಪೋಪನಿಂದ ಬೇರ್ಪಟ್ಟು ತಾನೇ ಇಂಗ್ಲೆಂಡಿನ ಸಭೆಯ ಮುಖ್ಯಸ್ಥನಾದ. ಅವನ ಮಗ ಆರನೆಯ ಎಡ್ವರ್ಡ್‌ನ ಕಾಲದಲ್ಲಿ ಪ್ರತಿಮೆಗಳು ಹೋದವು. 1550ರಲ್ಲಿ ಕಲ್ಲಿನ ಬಲಿಪೀಠಗಳನ್ನು ಕಿತ್ತು ಮರದ ಮೇಜು ಇಡಬೇಕೆಂಬ ಆಜ್ಞೆ ಬಂತು, ಏಕೆಂದರೆ ಪ್ರಭುಭೋಜನ ಒಂದು ಊಟ, ಬಲಿಯಲ್ಲ ಎಂಬುದು ಹೊಸ ಬೋಧನೆ. ಮೇರಿ ರಾಣಿ ಐದು ವರ್ಷ ಎಲ್ಲವನ್ನೂ ಮರಳಿ ತರಲು ಹೆಣಗಿದಳು. ಎಲಿಜಬೆತ್ ಬಂದ ಮೇಲೆ ಮತ್ತೆ ತೆಗೆದರು. ಆಂಗ್ಲಿಕನ್ ಸಭೆ ಎಂದು ನಾವು ಕರೆಯುವುದು ರೂಪುಗೊಂಡದ್ದು ಈ ಎಳೆದಾಟದಲ್ಲಿ. ಅದು ಹೊಸ ಕಟ್ಟಡಗಳನ್ನು ಕಟ್ಟಿಕೊಳ್ಳಲಿಲ್ಲ. ಕ್ಯಾಥೊಲಿಕ್ ಪೂಜೆಗೆಂದು ಕಟ್ಟಿದ ಕಟ್ಟಡಗಳಲ್ಲೇ ಬೇರೆ ರೀತಿಯ ಪೂಜೆ ನಡೆಸಲು ಕಲಿಯಿತು. ಹಳೆಯ ಚರ್ಚುಗಳಲ್ಲಿ ಎಲ್ಲಿಗೂ ಹೋಗದ ಮೆಟ್ಟಿಲು, ಯಾರನ್ನೂ ಹೊರದ ಗೂಡು, ನೀರು ಹರಿಯದ ಕಲ್ಲಿನ ತೊಟ್ಟಿ ಕಂಡರೆ ಅವು ನಿಂತುಹೋದ ಪೂಜೆಯ ಗುರುತುಗಳು.

ಸ್ಟ್ರಾಟ್‌ಫರ್ಡ್‌ನಲ್ಲಿ ಇದಕ್ಕೆ ಒಂದು ಲೆಕ್ಕದ ಚೀಟಿಯೇ ಇದೆ. ಪೇಟೆಯ ನಡುವಿನ ಗಿಲ್ಡ್ ಚಾಪೆಲ್ ಎಂಬ ಪ್ರಾರ್ಥನಾ ಮಂದಿರದಲ್ಲಿ ಕಮಾನಿನ ಮೇಲೆ ಅಂತಿಮ ತೀರ್ಪಿನ ಭಾರಿ ಚಿತ್ರವಿತ್ತು. 1563-64ರ ಪುರಸಭೆಯ ಲೆಕ್ಕದಲ್ಲಿ, ಆ ಮಂದಿರದ ಚಿತ್ರಗಳನ್ನು ವಿರೂಪಗೊಳಿಸಿದ್ದಕ್ಕೆ 2 ಷಿಲಿಂಗ್ ಕೊಟ್ಟ ನಮೂದು ಇದೆ. ಆ ಲೆಕ್ಕ ನೋಡಿಕೊಳ್ಳುತ್ತಿದ್ದವರಲ್ಲಿ ಒಬ್ಬ ಜಾನ್ ಶೇಕ್ಸ್‌ಪಿಯರ್; ಅವನ ಮಗ ವಿಲಿಯಂ ಹುಟ್ಟಿದ್ದು 1564ರ ಏಪ್ರಿಲ್‌ನಲ್ಲಿ. ಚಿತ್ರವನ್ನು ಕೆತ್ತಿ ತೆಗೆಯದೆ ಸುಣ್ಣ ಬಳಿದಿದ್ದರಿಂದ ಅದು ಉಳಿಯಿತು. 1804ರಲ್ಲಿ ಸುಣ್ಣದ ಕೆಳಗಿನಿಂದ ಮತ್ತೆ ಹೊರಬಂತು. ಇಂದೂ ಮಸುಕಾಗಿ ಕಾಣುತ್ತದೆ. ಹೋಲಿ ಟ್ರಿನಿಟಿಗೆ ಹೋದವರು ಆ ಚಾಪೆಲ್ಲನ್ನೂ ನೋಡಲೇಬೇಕು. ಒಂದಿಲ್ಲದೆ ಇನ್ನೊಂದು ಅರ್ಧ ಮಾತ್ರ ಅರ್ಥವಾಗುತ್ತದೆ.

ಕಮಾನು ದಾಟಿದರೆ ಚಾನ್ಸೆಲ್. ಗೋಡೆ ಎನ್ನುವುದು ಇಲ್ಲಿ ಕಿಟಕಿಗಳ ನಡುವಿನ ಪಟ್ಟಿಗಳಾಗಿ ಮಾತ್ರ ಉಳಿದಿದೆ. ನೇರ ಕಂಬಿಗಳ ಪರ್ಪೆಂಡಿಕ್ಯುಲರ್ ತನ್ನ ಪೂರ್ಣ ರೂಪದಲ್ಲಿದೆ. ಇಂಥದ್ದು ಇಲ್ಲಿಗೆ ಬಂದದ್ದು ಹೇಗೆ? ಇದೇ ಊರಿನಲ್ಲಿ ಹುಟ್ಟಿ, 1333ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ ಜಾನ್ ಡಿ ಸ್ಟ್ರಾಟ್‌ಫರ್ಡ್ ಅದಕ್ಕೂ ಮುನ್ನ, 1331ರಲ್ಲಿ, ದಕ್ಷಿಣದ ಮೊಗಸಾಲೆಯಲ್ಲಿ ಸಂತ ಥಾಮಸ್ ಬೆಕೆಟ್‌ನ ಹೆಸರಿನ ಪೀಠ ಸ್ಥಾಪಿಸಿ ಐವರು ಪಾದ್ರಿಗಳನ್ನು ನೇಮಿಸಿದ. ಸತ್ತವರ ಆತ್ಮಕ್ಕಾಗಿ ದಿನವೂ ಪೂಜೆ ಸಲ್ಲಿಸುವುದು ಅವರ ಕೆಲಸ. ಈ ಪಾದ್ರಿಗಳ ಸಂಸ್ಥೆ ಬೆಳೆದು ಕಾಲೇಜ್ ಎನಿಸಿಕೊಂಡಿತು, ಪ್ಯಾರಿಷ್‌ನ ರೆಕ್ಟರ್ ಹಕ್ಕೂ ಅದಕ್ಕೇ ಸೇರಿತು. ಅಂದರೆ ಇಲ್ಲಿ ದಶಾಂಶ ಪಡೆಯುವ ರೆಕ್ಟರ್ ದೂರದಲ್ಲಿರಲಿಲ್ಲ. ಪ್ರತಿದಿನ ಇದೇ ಚಾನ್ಸೆಲ್‌ನಲ್ಲಿ ಕುಳಿತು ಹಾಡುತ್ತಿದ್ದ. ತಾನು ಕೂರುವ ಜಾಗಕ್ಕೆ ಖರ್ಚು ಮಾಡಲು ಅವನಿಗೆ ಮನಸ್ಸಿತ್ತು. ಕಾಲೇಜಿನ ಡೀನ್ ಆಗಿದ್ದ ಥಾಮಸ್ ಬಾಲ್ಸಲ್ 1465ರಿಂದ 1491ರಲ್ಲಿ ತಾನು ಸಾಯುವವರೆಗಿನ ಅವಧಿಯಲ್ಲಿ ಇದನ್ನು ಹೊಸದಾಗಿ ಕಟ್ಟಿಸಿದ. ಸ್ಟ್ರಾಟ್‌ಫರ್ಡ್‌ನಲ್ಲಿ ಚಾನ್ಸೆಲ್ ನೇವ್‌ಗಿಂತ ಮಿಗಿಲಾಗಿರುವುದಕ್ಕೆ ಉತ್ತರ ಇದು.

ಆ ಪಾದ್ರಿಗಳ ಆಸನಗಳು ಇನ್ನೂ ಇವೆ. ದೀರ್ಘ ಪ್ರಾರ್ಥನೆಯಲ್ಲಿ ನಿಂತೇ ಇರಬೇಕಾದ್ದರಿಂದ, ಮಡಚಿದ ಆಸನದ ಅಡಿಗೆ ಒಂದು ಸಣ್ಣ ಚಾಚು ಇರುತ್ತದೆ. ನಿಂತಂತೆ ಕಾಣುತ್ತಲೇ ಅದಕ್ಕೆ ಒರಗಿ ಆಸರೆ ಪಡೆಯಬಹುದು. ಅದರ ಹೆಸರು ಮಿಸೆರಿಕಾರ್ಡ್. ಇಲ್ಲಿ ಇಂಥವು 26 ಇವೆ. ಚಾಚಿನ ಕೆಳಗಿನ ಕೆತ್ತನೆ ನೋಡಿದರೆ ಬೆರಗಾಗುತ್ತದೆ: ಮತ್ಸ್ಯಕನ್ಯೆ, ವಿಚಿತ್ರ ಮುಖಗಳು, ಗಂಡನ ಗಡ್ಡ ಹಿಡಿದು ಪಾತ್ರೆಯಿಂದ ಬಡಿಯುತ್ತಿರುವ ಹೆಂಡತಿ. ಬಲಿಪೀಠಕ್ಕೆ ಇಷ್ಟು ಹತ್ತಿರ ಇಂಥ ಲೌಕಿಕ ಚಿತ್ರಗಳು ಹೇಗೆ ಎಂದರೆ, ಇವು ಯಾರ ಕಣ್ಣಿಗೂ ಬೀಳದ, ಸದಾ ಮೈ ತಾಗುವ ಜಾಗ. ಅಲ್ಲಿ ಸಂತರನ್ನು ಕೆತ್ತುವಂತಿರಲಿಲ್ಲ. ಆ ಮರಗೆಲಸದವನ ಹೆಸರು ಎಲ್ಲೂ ಇಲ್ಲ. ಈ ಇಡೀ ಚರ್ಚಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಕೆಲಸ ಅವನದು.

ಬಲಿಪೀಠದ ಕಲ್ಲಿಗೂ ಒಂದು ಕಥೆಯಿದೆ. ಸುಧಾರಣೆಯ ಕಾಲದಲ್ಲಿ ಮರೆಯಾಗಿದ್ದ, ಬೆಕೆಟ್ ಪೀಠದ್ದೆಂದು ಹೇಳುವ ಚಪ್ಪಡಿ ಹತ್ತೊಂಬತ್ತನೆಯ ಶತಮಾನದಲ್ಲಿ ನೆಲದ ಕೆಳಗೆ ಸಿಕ್ಕಿತು; ಅದೇ ಈಗ ಮುಖ್ಯ ಪೀಠದ ಮೇಲುಗಲ್ಲು. ಕಿತ್ತೆಸೆಯಬೇಕೆಂದು ಆಜ್ಞೆಯಾಗಿದ್ದ ವಸ್ತುವನ್ನು ಮುನ್ನೂರು ವರ್ಷಗಳ ನಂತರ ಅದೇ ಸಭೆ ಗೌರವದಿಂದ ಮರಳಿ ಇಟ್ಟಿತು. ವಿಕ್ಟೋರಿಯಾ ಕಾಲದಲ್ಲಿ ಆಂಗ್ಲಿಕನ್ನರು ತಮ್ಮ ಮಧ್ಯಯುಗದ ಕಡೆಗೆ ಹೇಗೆ ತಿರುಗಿ ನೋಡಿದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

1547ರ ಕಾಯ್ದೆಯಿಂದ ಸತ್ತವರಿಗಾಗಿ ಪೂಜೆ ಮಾಡುವ ಸಂಸ್ಥೆಗಳೆಲ್ಲ ಮುಚ್ಚಿದಾಗ ಸ್ಟ್ರಾಟ್‌ಫರ್ಡ್‌ನ ಕಾಲೇಜೂ ಮುಗಿಯಿತು. ಅದರ ದಶಾಂಶದ ಹಕ್ಕು ದೊರೆಗೆ ಹೋಗಿ, 1553ರ ಸನ್ನದಿನ ಮೂಲಕ ಹೊಸ ಪುರಸಭೆಗೆ ಬಂತು. ಆದರೆ ಕಾಲೇಜು ಮುಚ್ಚುವ ಮುನ್ನವೇ, 1544ರಲ್ಲಿ, ದಶಾಂಶವನ್ನು 92 ವರ್ಷಗಳ ಗುತ್ತಿಗೆಗೆ ಕೊಟ್ಟುಬಿಟ್ಟಿತ್ತು. ಆ ಗುತ್ತಿಗೆ ಕೈಯಿಂದ ಕೈಗೆ ಪಾಲಾಗುತ್ತ ಬಂದು, ಉಳಿದ 31 ವರ್ಷಗಳಿಗೆ ಒಂದು ಪಾಲು 1605ರಲ್ಲಿ ಶೇಕ್ಸ್‌ಪಿಯರ್‌ನ ಕೈಸೇರಿತು. ವರ್ಷಕ್ಕೆ ಸುಮಾರು 60 ಪೌಂಡ್ ಆದಾಯ ತರುವ ಹೂಡಿಕೆ. ಪಾದ್ರಿಗೆ ಸಲ್ಲಬೇಕೆಂದು ಹುಟ್ಟಿದ ಪಾಲು ಹೀಗೆ ಒಬ್ಬ ನಾಟಕ ಕಂಪನಿಯವನ ಆಸ್ತಿಯಾಯಿತು. ಆಗಿನ ಇಂಗ್ಲೆಂಡಿನಲ್ಲಿ ಇದು ಸರ್ವೇಸಾಮಾನ್ಯ.

ಸಮಾಧಿ ಕಲ್ಲಿನ ಮೇಲೆ ಹೆಸರಿಲ್ಲ. ನಾಲ್ಕು ಸಾಲಿನ ಪದ್ಯವಿದೆ. ಇಲ್ಲಿನ ಮಣ್ಣನ್ನು ಕೆದಕಬೇಡ, ಈ ಕಲ್ಲುಗಳನ್ನು ಬಿಟ್ಟವನಿಗೆ ಒಳ್ಳೆಯದಾಗಲಿ, ನನ್ನ ಮೂಳೆಗಳನ್ನು ಸರಿಸಿದವನಿಗೆ ಶಾಪ ತಟ್ಟಲಿ ಎಂಬುದು ಅದರ ಭಾವ. ಇದರಲ್ಲಿ ರಹಸ್ಯ ಹುಡುಕುವವರು ಅನೇಕರು. ನೀವು ಉತ್ತರದ ಗೋಡೆಯನ್ನು ನೋಡಿ. ಅಲ್ಲೊಂದು ಹಳೆಯ ಬಾಗಿಲುವಾಡವಿದೆ. ಅದರಾಚೆ 1800ರ ಸುಮಾರಿಗೆ ಕೆಡವಿಹಾಕುವವರೆಗೂ ಮೂಳೆಮನೆ ಇತ್ತು. ಹೂಳಲು ಜಾಗ ಸಾಲದಾದಾಗ ಹಳೆಯ ಗುಂಡಿಗಳನ್ನು ತೆರೆದು, ಸಿಕ್ಕ ಮೂಳೆಗಳನ್ನು ಅಲ್ಲಿ ರಾಶಿ ಹಾಕುತ್ತಿದ್ದರು. ದಶಾಂಶದ ಗುತ್ತಿಗೆ ಮುಗಿದ ಮೇಲೆ, ಮುಂದಿನ ಪೀಳಿಗೆಯಲ್ಲಿ, ಚಾನ್ಸೆಲ್‌ನಲ್ಲಿರುವವನ ಮೂಳೆಗಳಿಗೂ ಅದೇ ಗತಿ ಬರಬಹುದಿತ್ತು. ಕಲ್ಲಿನ ಮೇಲಿನ ಭಯ ನಿಜವಾದ ಭಯ, ಕೆಲವೇ ಹೆಜ್ಜೆ ದೂರದಲ್ಲಿದ್ದ ಭಯ. ನೆಲ ಅಗೆಯದೆ ರೇಡಾರ್ ಮೂಲಕ ನಡೆಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಿಂದ ಗುಂಡಿ ಒಂದು ಮೀಟರಿಗಿಂತ ಕಡಿಮೆ ಆಳದ್ದೆಂದೂ, ಲೋಹದ ಮೊಳೆಗಳ ಸುಳಿವಿಲ್ಲದ್ದರಿಂದ ಪೆಟ್ಟಿಗೆಯಿಲ್ಲದೆ ಬಟ್ಟೆಯಲ್ಲಿ ಸುತ್ತಿ ಹೂಳಿರಬೇಕೆಂದೂ ತಿಳಿಯಿತು. ತಲೆಯ ಭಾಗದಲ್ಲಿ ಮಣ್ಣು ಕದಲಿದ ಗುರುತೂ ಇತ್ತು.

ಸಮಾಧಿಯ ಮೇಲ್ಗಡೆ ಅದೇ ಗೋಡೆಯಲ್ಲಿ ಗರಿಲೇಖನಿ ಹಿಡಿದ, ಬಣ್ಣ ಹಚ್ಚಿದ ಅವನ ಅರ್ಧಪ್ರತಿಮೆ ಇದೆ. 1623ರ ಹೊತ್ತಿಗೆ ಅದು ಅಲ್ಲಿತ್ತು. ಅವನಿಗೆ ದೀಕ್ಷಾಸ್ನಾನ ಮಾಡಿಸಿದ್ದೆಂದು ನಂಬುವ, ಈಗ ಒಡೆದಿರುವ ಕಲ್ಲಿನ ತೊಟ್ಟಿಯೂ ಇದೆ. 1564ರ ಏಪ್ರಿಲ್ 26ರ ದೀಕ್ಷಾಸ್ನಾನ ಮತ್ತು 1616ರ ಏಪ್ರಿಲ್ 25ರ ಸಂಸ್ಕಾರ ಎರಡೂ ಈ ಪ್ಯಾರಿಷ್‌ನ ನೋಂದಣಿ ಪುಸ್ತಕದಲ್ಲಿವೆ. ಇಂಥ ಪುಸ್ತಕವನ್ನು ಪ್ರತಿ ಪ್ಯಾರಿಷ್ ಇಡಬೇಕೆಂದು 1538ರಲ್ಲಿ ಆಜ್ಞೆಯಾಗಿರದಿದ್ದರೆ ಅವನ ಹುಟ್ಟಿನ ಕಾಲ ನಮಗೆ ಇಷ್ಟು ಖಚಿತವಾಗಿ ತಿಳಿಯುತ್ತಿರಲಿಲ್ಲ.

ಚಾನ್ಸೆಲ್ ಹೊಣೆ ಎಂಬುದು ಹಳೆಯ ಕಾಲದ ಮಾತು ಎಂದುಕೊಳ್ಳಬೇಡಿ. ನೇವ್‌ಗಾಗಿ ಊರಿನವರಿಂದ ಕಡ್ಡಾಯವಾಗಿ ವಸೂಲು ಮಾಡುತ್ತಿದ್ದ ತೆರಿಗೆ 1868ರಲ್ಲಿ ನಿಂತಿತು. ದಶಾಂಶವೂ 1836ರಿಂದ ಹಣದ ರೂಪಕ್ಕೆ ಬದಲಾಗಿ ಕೊನೆಗೆ ಹೋಯಿತು. ಚಾನ್ಸೆಲ್ ಹೊಣೆ ಮಾತ್ರ ಉಳಿದುಬಿಟ್ಟಿತು. ಸ್ಟ್ರಾಟ್‌ಫರ್ಡ್‌ನಿಂದ ಕೆಲವೇ ಮೈಲು ದೂರದಲ್ಲಿ ಆಸ್ಟನ್ ಕ್ಯಾಂಟ್ಲೋ ಎಂಬ ಹಳ್ಳಿಯಿದೆ. ಶೇಕ್ಸ್‌ಪಿಯರ್‌ನ ತಂದೆತಾಯಿಯ ಮದುವೆ ನಡೆದದ್ದು ಅಲ್ಲಿನ ಚರ್ಚಿನಲ್ಲಿ ಎಂಬ ಪ್ರತೀತಿಯಿದೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿನ ಹೊಲಗಳನ್ನು ಮರುಹಂಚಿಕೆ ಮಾಡಿದಾಗ ದಶಾಂಶದ ಬದಲಿಗೆ ಒಂದು ಜಮೀನನ್ನು ಬಿಟ್ಟುಕೊಟ್ಟಿದ್ದರು. ಆ ಜಮೀನಿನ ಜೊತೆ ಚಾನ್ಸೆಲ್ ದುರಸ್ತಿಯ ಹೊಣೆಯೂ ಅಂಟಿಕೊಂಡಿತು. 1990ರ ದಶಕದಲ್ಲಿ ಅದರ ಮಾಲೀಕರಾಗಿದ್ದ ದಂಪತಿಗೆ ಚರ್ಚಿನ ಮಂಡಳಿ ದುರಸ್ತಿಯ ಖರ್ಚು ಕೊಡಿ ಎಂದು ನೋಟಿಸ್ ಕಳಿಸಿತು. ಅವರು ಮಾನವ ಹಕ್ಕುಗಳ ಕಾಯ್ದೆಯ ಆಧಾರದಲ್ಲಿ ಹೋರಾಡಿ ಮೇಲ್ಮನವಿಯಲ್ಲಿ ಗೆದ್ದರು, 2003ರಲ್ಲಿ, ಆಗ ದೇಶದ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸೋತರು. 2007ರಲ್ಲಿ ನಿಗದಿಯಾದ ಮೊತ್ತ ಸುಮಾರು 1,87,000 ಪೌಂಡ್. ವಕೀಲರ ಖರ್ಚು ಬೇರೆ. ಈ ಪ್ರಕರಣದ ನಂತರ ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವವರ ವಕೀಲರು ಚಾನ್ಸೆಲ್ ಹೊಣೆ ಇದೆಯೇ ಎಂದು ಪರಿಶೀಲಿಸುವುದು ರೂಢಿಯಾಯಿತು. 2013ರ ಅಕ್ಟೋಬರ್ 13ರ ನಂತರ, ಭೂದಾಖಲೆಯಲ್ಲಿ ಮೊದಲೇ ನಮೂದಾಗಿರದಿದ್ದರೆ, ಜಮೀನನ್ನು ಹೊಸದಾಗಿ ಬೆಲೆಕೊಟ್ಟು ಕೊಂಡವರ ಮೇಲೆ ಈ ಹೊಣೆ ಹೊರಿಸುವಂತಿಲ್ಲ. ಆ ದಂಪತಿಗೆ ಆದದ್ದು ಅನ್ಯಾಯ ಎಂದೇ ನಾನು ಎಣಿಸುತ್ತೇನೆ. ಕಾನೂನು ಸರಿಯಿದ್ದರೂ ಅದು ಹುಟ್ಟಿದ ಲೋಕ ಎಂದೋ ಮುಗಿದಿತ್ತು.

ಬೆಂಗಳೂರಿನ ಟ್ರಿನಿಟಿ ಸರ್ಕಲ್ಲಿಗೆ ಹೆಸರು ಕೊಟ್ಟ ಚರ್ಚೂ ಹೋಲಿ ಟ್ರಿನಿಟಿಯೇ. ಅದೂ ಮೊದಲು ಆಂಗ್ಲಿಕನ್ ಸಭೆಯದು, 1947ರಿಂದ ದಕ್ಷಿಣ ಭಾರತ ಸಭೆಯದು. ಆದರೆ ದಂಡಿನ ಸೈನಿಕರಿಗಾಗಿ ಹತ್ತೊಂಬತ್ತನೆಯ ಶತಮಾನದ ನಡುವೆ ಎದ್ದ ಆ ಕಟ್ಟಡಕ್ಕೆ ದಶಾಂಶದ ಹೊಲಗಳಿರಲಿಲ್ಲ, ರೆಕ್ಟರನಿರಲಿಲ್ಲ. ಪಾದ್ರಿಗೆ ಸಂಬಳ ಸರ್ಕಾರದ್ದು. ಹಾಗಾಗಿ ಅಲ್ಲಿ ಎರಡು ಒಡೆತನದ ಕುರುಹು ಹುಡುಕಿದರೆ ಸಿಗುವುದಿಲ್ಲ. ಅದನ್ನು ಕಾಣಲು ಇಂಗ್ಲೆಂಡಿನ ಹಳ್ಳಿಗಳಿಗೇ ಹೋಗಬೇಕು.

ಹೋಗುವವರಿಗೆ ಒಂದೆರಡು ಮಾತು. ಇದು ವಸ್ತುಸಂಗ್ರಹಾಲಯವಲ್ಲ, ಇಂದಿಗೂ ಪೂಜೆ ನಡೆಯುವ ಚರ್ಚು. ಭಾನುವಾರ ಬೆಳಿಗ್ಗೆ ಹೋದರೆ ಆರಾಧನೆಗೆ ಕುಳಿತುಕೊಳ್ಳಿ, ಸುತ್ತಾಡಬೇಡಿ. ಮದುವೆ, ಸಾವಿನ ಪ್ರಾರ್ಥನೆ ಇದ್ದರೆ ಪ್ರವಾಸಿಗರಿಗೆ ಬಾಗಿಲು ಮುಚ್ಚಿರುತ್ತದೆ. ಮೊದಲು ಹೊರಗೆ ಒಂದು ಸುತ್ತು ಬನ್ನಿ; ಕಿಟಕಿಗಳ ಕಾಲ ಗುರುತಿಸುವುದು ಹೊರಗಿನಿಂದಲೇ ಸುಲಭ, ಒಳಗೆ ಬಣ್ಣದ ಗಾಜು ಕಣ್ಣನ್ನು ಸೆಳೆದುಬಿಡುತ್ತದೆ, ಮತ್ತು ಆ ಗಾಜು ಹೆಚ್ಚಿನಂಶ ವಿಕ್ಟೋರಿಯಾ ಕಾಲದ್ದು. ಉತ್ತರದ ಮೊಗಸಾಲೆಯ ಪೂರ್ವ ತುದಿಯಲ್ಲಿ ಲಂಡನ್ನಿನ ಮೇಯರ್ ಆಗಿದ್ದ ಹ್ಯೂ ಕ್ಲಾಪ್ಟನ್‌ನ ಬರಿದಾದ ಸಮಾಧಿ ಇದೆ. ಏವನ್ ನದಿಗೆ ಅವನು ಕಟ್ಟಿಸಿದ ಕಲ್ಲಿನ ಸೇತುವೆಯ ಮೇಲೆ ಇಂದೂ ವಾಹನಗಳು ಓಡುತ್ತವೆ. ಅವನು ಮಾತ್ರ 1496ರಲ್ಲಿ ಲಂಡನ್ನಿನಲ್ಲಿ ಸತ್ತು ಅಲ್ಲೇ ಮಣ್ಣಾದ.

ನೇವ್‌ನಲ್ಲಿ ತಿರುಗಾಡಲು ದುಡ್ಡು ಕೊಡಬೇಕಿಲ್ಲ. ಸಮಾಧಿಯ ಕಡೆಗೆ, ಚಾನ್ಸೆಲ್ಲಿಗೆ, ಹೋಗುವವರಿಂದ ಕಾಣಿಕೆ ಕೇಳುತ್ತಾರೆ. ಕೊಡಿ. ಇಂಗ್ಲೆಂಡಿನ ಸಭೆಗೆ ಸುಮಾರು 16,000 ಚರ್ಚು ಕಟ್ಟಡಗಳಿವೆ, ಅವುಗಳಲ್ಲಿ ಬಹುಪಾಲು ಸಂರಕ್ಷಿತ ಪಟ್ಟಿಯಲ್ಲಿರುವುದರಿಂದ ಒಂದು ಹೆಂಚನ್ನು ಬದಲಿಸಲೂ ಅನುಮತಿ ಬೇಕು, ತಕ್ಕ ಕುಶಲಕರ್ಮಿ ಬೇಕು. ದೈನಂದಿನ ದುರಸ್ತಿಗೆ ಸರ್ಕಾರ ಹಣ ಕೊಡುವುದಿಲ್ಲ. ಆಯಾ ಪ್ಯಾರಿಷ್‌ನವರೇ ಹೊಂದಿಸಬೇಕು. ಸ್ಟ್ರಾಟ್‌ಫರ್ಡ್‌ಗೆ ಶೇಕ್ಸ್‌ಪಿಯರ್ ಇದ್ದಾನೆ. ಸುತ್ತಲಿನ ಹಳ್ಳಿಗಳಲ್ಲಿ ಅಷ್ಟೇ ಹಳೆಯ, ಅಷ್ಟೇ ಸುಂದರ ಚರ್ಚುಗಳನ್ನು ಹತ್ತಾರು ವಯಸ್ಸಾದ ಸದಸ್ಯರು ಉಳಿಸಿಕೊಂಡಿರುತ್ತಾರೆ. ಬಾಗಿಲ ಬಳಿ ಒಂದು ಹುಂಡಿ, ಒಂದು ಸಂದರ್ಶಕರ ಪುಸ್ತಕ ಇರುತ್ತದೆ. ಸ್ಟ್ರಾಟ್‌ಫರ್ಡ್ ನೋಡಿದ ದಿನವೇ ಅಂಥ ಒಂದು ಚರ್ಚಿಗೂ ಹೋಗಿ, ಚಾನ್ಸೆಲ್ ಕಮಾನಿನ ಕೆಳಗೆ ನಿಂತು ಎರಡೂ ಕಡೆಯ ಗೋಡೆ, ಕಿಟಕಿ, ಮಾಡನ್ನು ಹೋಲಿಸಿ ನೋಡಿ. ಯಾವ ಕಡೆಯವರ ಕೈ ಬಿಚ್ಚಿತ್ತು ಎಂದು ಯಾರೂ ಹೇಳದೆಯೇ ತಿಳಿಯುತ್ತದೆ.